ಇಬ್ಬರು ಸಾಂಬಾರ್ ಅಂಕಲ್‌ಗಳು

ರಮಾಕಾಂತ ಹುಟ್ಟಿ ಬೆಳೆದದ್ದು ಮುಂಬಯಿ ಬಳಿಯ ಡೊಂಬಿವಲಿಯಲ್ಲಿ. ಮನೆಯವರು ಉಡುಪಿ ಕಡೆಯವರಾದರೂ ಓದಿದ್ದು ಮರಾಠಿ ಶಾಲೆಯಲ್ಲಿ. ಅವನ ಮರಾಠಿ ಕೇಳಿದವರು ಪುಣೆಯವನೇ ಎಂದುಕೊಳ್ಳುತ್ತಿದ್ದರು. ಹಿಂದಿಯೂ ಅಷ್ಟೇ ಚೊಕ್ಕ. ಠಾಣೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದುಕೊಂಡು, ರಜೆಯ ದಿನಗಳಲ್ಲಿ ಕನ್ನಡ ಸಂಘಗಳ ನಾಟಕಗಳಲ್ಲಿ ನಗಿಸುತ್ತಿದ್ದ. ಮುನಿಸಿಕೊಂಡ ಬೀಗರ ಮನೆಯಲ್ಲಿ ಕಾಫಿ ಕುಡಿಯುವುದನ್ನು ಅವನು ಮಾತಿಲ್ಲದೆ ಮಾಡಿ ತೋರಿಸಿದರೆ ಸಭೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು.

2004ರಲ್ಲಿ ಹಿಂದಿ ಹಾಸ್ಯ ಧಾರಾವಾಹಿಯೊಂದರ ಆಡಿಷನ್‌ಗೆ ಹೋದ. ನಿರ್ದೇಶಕ ಅರ್ಧಕ್ಕೇ ತಡೆದ.

"ಇತನಾ ಸಾಫ್ ಹಿಂದಿ ನಹೀ ಚಾಹಿಯೇ. ಸೌತ್ ಇಂಡಿಯನ್ ಲಗನಾ ಚಾಹಿಯೇ."

ಹಿಂದಿಯ ಚೊಕ್ಕತನವೇ ಅಡ್ಡಿ, ದಕ್ಷಿಣದವನೆನಿಸಬೇಕು ಎಂದಾಗ ರಮಾಕಾಂತ ಅಲ್ಲೇ ನಿಂತು, ಯಾವ ಊರಿನ ಯಾರೂ ಆಡದ ಒಂದು ಹಿಂದಿಯನ್ನು ಹುಟ್ಟಿಸಿದ. ಮಾತುಮಾತಿಗೆ "ಅಯ್ಯಯ್ಯೋ ಜೀ" ಸೇರಿಸಿದ. ಪಾತ್ರ ಸಿಕ್ಕಿತು, ಹೆಸರು ಸಾಂಬಾರ್ ಅಂಕಲ್.

"ಕೆಲಸ ಮಾತ್ರ ಬಿಡ್ಬೇಡಿ ಮಾರಾಯ್ರೆ," ಎಂದಳು ಹೆಂಡತಿ ಲೋಲಾಕ್ಷಿ. ಅವನು ಬಿಟ್ಟ.

ಧಾರಾವಾಹಿ ಗೆದ್ದಿತು. ಲೋಕಲ್ ಟ್ರೇನಿನಲ್ಲಿ ಜನ "ಅಯ್ಯಯ್ಯೋ ಜೀ" ಎಂದು ಕೂಗಿದರೆ ಅವನು ಕೈ ಬೀಸುತ್ತಿದ್ದ. ಶಾಲೆಯಲ್ಲಿ ಮಗಳು ಶ್ರೀವಾಣಿಯ ಹೆಸರೇ ಸಾಂಬಾರ್ ಎಂದಾಯಿತು. "ಪಪ್ಪಾ, ಸ್ಕೂಲ್ ಮತ್ ಆನಾ," ಎಂದು ಅವನು ಶಾಲೆಗೆ ಬರುವುದನ್ನೇ ತಡೆದಳು. ಆಮೇಲೆ ಮನೆಯಲ್ಲೂ ಕನ್ನಡ ಬಿಟ್ಟಳು.

2011ರಲ್ಲಿ ಅವನಿಗೆ ಕಾಮಾಲೆಯಾಯಿತು. ವಾಸಿಯಾಗುವತನಕ ಪಾತ್ರ ಮಾಡಲು ದೆಹಲಿಯ ಕುಶಾಗ್ರ ಎಂಬ ನಟನನ್ನು ಗೊತ್ತು ಮಾಡಿದರು. ಅವನು ಮನೆಗೇ ಬಂದು, ಮಂಚದ ಪಕ್ಕ ಕೂತು ಕಲಿತ. ರಮಾಕಾಂತ ಯಾವುದನ್ನೂ ಮುಚ್ಚಿಡಲಿಲ್ಲ. ಮಾತನ್ನು ಎಲ್ಲಿ ಎಳೆಯಬೇಕು, ತಲೆಯನ್ನು ಯಾವಾಗ ಅಲ್ಲಾಡಿಸಬೇಕು, ಎಲ್ಲವನ್ನೂ ಹೇಳಿಕೊಟ್ಟ. ಗುಣವಾಗಿ ಹೋದಾಗ ನಿರ್ದೇಶಕ ಮುಖ ನೋಡದೆ ಹೇಳಿದ: "ಬುರಾ ಮತ್ ಮಾನನಾ. ವೋ ಜ್ಯಾದಾ ಸೌತ್ ಇಂಡಿಯನ್ ಲಗತಾ ಹೈ." ಇವನಿಗಿಂತ ಹೆಚ್ಚು ದಕ್ಷಿಣದವನೆನಿಸಿದ ಕುಶಾಗ್ರನಲ್ಲೇ ಪಾತ್ರ ಉಳಿಯಿತು.

ಬೇರೆ ಕಡೆ ಹೋದರೆ, ಆ ಪಾತ್ರದವನಲ್ಲವೇ ಎಂದು ನಕ್ಕು ಕಳಿಸಿದರು. ಮೂರು ವರ್ಷ ಕೂತು ಅವನೇ ಒಂದು ಕನ್ನಡ ನಾಟಕ ಬರೆದ. ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಅದನ್ನು ಆಡುವುದೆಂದಾಯಿತು. ಆದರೆ ವಾರವಿರುವಾಗ ಕಾರ್ಯದರ್ಶಿ ಶಿವರಾಯರ ಫೋನ್ ಬಂತು. ಅವರು ಮೈಸೂರಿನವರು, ಐಟಿ ಕಂಪನಿಯಲ್ಲಿ ಮ್ಯಾನೇಜರ್.

"ಸಾರ್, ಕುಶಾಗ್ರ ಅವರು ಚೀಫ್ ಗೆಸ್ಟ್ ಆಗಿ ಒಪ್ಕೊಂಡಿದ್ದಾರೆ. ಹಾಲ್ ತುಂಬತ್ತೆ. ನಾಟಕ ಮುಂದಿನ್ ವರ್ಷ ಇಟ್ಕೊಳ್ಳೋಣ. ಹಾರ ಮಾತ್ರ ನೀವೇ ಹಾಕ್ಬೇಕು."

"ಹೋಗ್ಬೇಡಿ," ಎಂದಳು ಲೋಲಾಕ್ಷಿ. ಅವನು ಹೋದ. ಹಾರ ಹಾಕಿದ. ಕುಶಾಗ್ರ ಕಾಲಿಗೆರಗಿ, ಎಲ್ಲ ಇವರಿಂದಲೇ ಕಲಿತದ್ದೆಂದು ಮೈಕಿನಲ್ಲಿ ಹೇಳಿದ. ಅದು ಸುಳ್ಳಲ್ಲ. ಇಬ್ಬರೂ ಒಟ್ಟಿಗೆ ಸಾಂಬಾರ್ ಅಂಕಲ್‌ನ ಮಾತು ಹೇಳಲಿ ಎಂದು ಸಭೆ ಕೂಗಿತು. ರಮಾಕಾಂತ ಆ ಮಾತು ಆಡಿ ವರ್ಷಗಳಾಗಿದ್ದವು. ಪಕ್ಕದವನತ್ತ ಕಣ್ಣು ಹಾಯಿಸುತ್ತ, ಕುಶಾಗ್ರ ಎಳೆದಲ್ಲಿ ತಾನೂ ಎಳೆದು ಹೇಗೋ ಮುಗಿಸಿದ. "ಒರಿಜಿನಲ್ ಯಾರು ಅಂತ ನೀವೇ ಹೇಳಿ!" ಎಂದರು ಶಿವರಾಯರು. ಚಪ್ಪಾಳೆ ಬಿದ್ದದ್ದು ಕುಶಾಗ್ರನಿಗೆ.

ಮುಂದಿನ ಸಾಲಿನಲ್ಲಿದ್ದ ಶ್ರೀವಾಣಿ ಎದ್ದು ಹೊರಗೆ ನಡೆದಳು. ಅವಳು ಅವನಿಗೆ ಸಿಕ್ಕಿದ್ದು ಸ್ಟೇಷನ್ನಿನಲ್ಲಿ.

"ಯಾಕೆ ಎದ್ದು ಬಂದದ್ದು?"

"ವೋ ಆಪ್‌ಕೀ ನಕಲ್ ಕರ್ ರಹಾ ಥಾ," ಎಂದಳು ಅವಳು. "ಔರ್ ಆಪ್ ಉಸ್‌ಕೀ." ಅವನು ಇವನದನ್ನು, ಇವನು ಅವನದನ್ನು ನಕಲು ಮಾಡಿದ್ದು ಅವಳಿಗೆ ಕಂಡಿತ್ತು.

ಮುಂದಿನ ವರ್ಷ ಸಂಘದವರು ನಾಟಕದ ಸುದ್ದಿ ಎತ್ತಲಿಲ್ಲ, ಅವನೂ ಕೇಳಲಿಲ್ಲ. ಈಗ ಘಣಸೋಲಿಯ ಹೌಸಿಂಗ್ ಸೊಸೈಟಿಯೊಂದರಲ್ಲಿ ಮ್ಯಾನೇಜರ್. ನೀರು ಬರುವುದಿಲ್ಲವೆಂಬ ನೋಟಿಸನ್ನು ಒಳ್ಳೆಯ ಮರಾಠಿಯಲ್ಲಿ ಬರೆದು ಲಿಫ್ಟಿನ ಬಳಿ ಅಂಟಿಸುತ್ತಾನೆ. ಗಣೇಶೋತ್ಸವಕ್ಕೆ ಸ್ಕಿಟ್ ಮಾಡಿಸಿಕೊಡಿ ಎಂದು ಕೇಳಿದವರಿಗೆ, ತನಗೆ ಅದೆಲ್ಲ ಬರುವುದಿಲ್ಲ ಎಂದ.