ಜಲಜಕ್ಕ ಒತ್ತದ ಹೆಬ್ಬೆಟ್ಟು

ಕೇಳಿ ಮಾರಾಯ್ರೆ, ಇವತ್ತು ನಮ್ಮ ಕಾನೂನು ಕಾಲೇಜಿನ ಉಚಿತ ಸಲಹಾ ಕೇಂದ್ರದಲ್ಲಿ ನಡೆದದ್ದು.

ಕಾಪುವಿನ ಜಲಜಕ್ಕ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಬಂದಿದ್ದರು. ಅವರ ಗಂಡ ಮೀನುಗಾರಿಕೆ ಬೋಟಿನಿಂದ ಸಮುದ್ರಕ್ಕೆ ಬಿದ್ದು ಎರಡು ತಿಂಗಳಾಯಿತು. ಇನ್ನೂ ಸಿಕ್ಕಿಲ್ಲ. ಅರ್ಜಿ ಸಿದ್ಧಪಡಿಸಿದ್ದು ನನ್ನ ವಿದ್ಯಾರ್ಥಿ ಸೃಜನ್. ಕೊನೆಯ ಸಾಲಿನಲ್ಲಿ ‘ಇದನ್ನು ನನಗೆ ತುಳುವಿನಲ್ಲಿ ಓದಿ ಹೇಳಿದ್ದಾರೆ, ಅರ್ಥವಾಗಿದೆ’ ಎಂದಿತ್ತು. ಯಾರೂ ಓದಿ ಹೇಳಿರಲಿಲ್ಲ. ನಾನೇ ಓದಲು ಕುಳಿತೆ.

‘ದಿವಂಗತರ ಪತ್ನಿಯಾದ ನಾನು’ ಎಂಬ ಮೊದಲ ಸಾಲಿಗೇ ಜಲಜಕ್ಕ ಶಾಯಿ ಹಚ್ಚಿದ ಬೆರಳನ್ನು ಹಿಂದಕ್ಕೆಳೆದುಕೊಂಡರು.

“ಅವರು ತೀರಿಹೋದದ್ದನ್ನು ಯಾರು ಕಂಡದ್ದು?”

ಸೃಜನ್ ತಡವರಿಸಿದ. “ಮೇಡಂ, ನಾನು ನಾಪತ್ತೆ ಅಂತಲೇ ಹಾಕಿದ್ದು. ಪರಿಹಾರದ ಅರ್ಜಿ ಬೇಕು ಅಂತ ನಾನು ಕೇಳಿದ್ದಕ್ಕೆ ಎಐ ಹಾಗೆ ಬರೆಯಿತು.”

“ಪರಿಹಾರ ಯಾರು ಕೇಳಿದ್ದು ಮಗಾ? ಹುಡುಕುವುದನ್ನು ನಿಲ್ಲಿಸಬೇಡಿ ಅಂತ ಬರೀಲಿಕ್ಕೆ ಹೇಳಿದ್ದಲ್ವಾ ನಾನು?”

ಈಗಲೇ ತಿದ್ದಿಕೊಡುತ್ತೇವೆ ಎಂದರೂ ಅವರು ನಿಲ್ಲಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಸ್ಸಿಗೆ ಹೊರಟರು.

ನಾನು ಸೃಜನ್‌ಗೆ ಬಾಯಿಗೆ ಬಂದಂತೆ ಬೈದೆ. ಬೈದು ಮುಗಿದ ಮೇಲೆ, ಅವನ ಕರಡು ನೋಡಿ ನಿನ್ನೆ ನಾನು ಅಂಕ ಹಾಕಿದ ಹಾಳೆಯನ್ನು ತೆಗೆದೆ. ‘ಕಕ್ಷಿದಾರರ ಮಾತನ್ನು ಗಮನವಿಟ್ಟು ಕೇಳಿದ್ದಾರೆಯೇ?’ ಎಂಬುದರ ಎದುರು ನನ್ನದೇ ಅಕ್ಷರದಲ್ಲಿತ್ತು: ಹತ್ತಕ್ಕೆ ಒಂಬತ್ತು.

ಆ ಒಂದು ಅಂಕವನ್ನು ಯಾಕೆ ಕಳೆದೆನೋ, ನೆನಪಿಲ್ಲ.