ಹನ್ನೊಂದು ಗಂಟೆಯ ಚಳಿ

ಕಾಲೇಜಿನ ಚರ್ಚಾಕೂಟದಲ್ಲಿ ನಾನು ಗೆದ್ದ ವಾದವೊಂದು ಹೀಗಿತ್ತು: ಆತ್ಮವಿಶ್ವಾಸವಿದ್ದವನಿಗೆ ಮೈ ಅಡ್ಡ ಬರುವುದಿಲ್ಲ, ಕಾಯಿಲೆ ಎಂಬುದು ಮುಕ್ಕಾಲು ಪಾಲು ಅಂಜಿಕೆ. ಎದುರು ಪಕ್ಷದವರು ಸೋಲೊಪ್ಪಿದರು. ಅವರಿಗಾರಿಗೂ ಚಳಿಜ್ವರ ಬಂದಿರಲಿಲ್ಲ. ನನಗೂ ಬಂದಿರಲಿಲ್ಲ.

ಬಂದದ್ದು ನನ್ನ ಕೋಣೆಯ ಗೆಳೆಯನಿಗೆ. ಸಂಸೆ ಎಂಬ ಊರಿನವನು, ಓದಿನಲ್ಲಿ, ಬರವಣಿಗೆಯಲ್ಲಿ ನನಗಿಂತ ಒಂದು ಕೈ ಮೇಲು. ಬಿ.ಎ. ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಮೂಡಿಗೆರೆ ಹತ್ತಿರದ ಕಾಫಿ ಎಸ್ಟೇಟೊಂದಕ್ಕೆ, ಆಳುಗಳ ಹಾಜರಿ-ಲೆಕ್ಕ ಬರೆಯುವ ರೈಟರ್ ಕೆಲಸ ಕೇಳಲು ಹೋದೆವು. ಇದ್ದದ್ದು ಒಂದೇ ಕೆಲಸ. ಅದು ಸಿಕ್ಕರೆ ಅವನ ಅಪ್ಪ ಇನ್ನೊಬ್ಬರ ತೋಟದಲ್ಲಿ ಹಣ್ಣಿನ ಬುಟ್ಟಿ ಹೊರುವುದು ತಪ್ಪುತ್ತಿತ್ತು. ನಮಗೆ ಸ್ವಂತ ತೋಟವಿತ್ತು. ನನಗೆ ಬೇಕಿದ್ದದ್ದು ಗೆಲುವು, ಅಷ್ಟೆ.

ಅವನ ಜ್ವರ ದಿನ ಬಿಟ್ಟು ದಿನ, ಸರಿಯಾಗಿ ಹನ್ನೊಂದಕ್ಕೆ ಏರುತ್ತಿತ್ತು. ಅಂದು ಜ್ವರದ ದಿನ. ಹತ್ತು ಗಂಟೆಗೆ, ಬಂಗಲೆಯ ಜಗಲಿಯಲ್ಲಿ ಅವನು ಕೇಳಿದ:

"ಮಾರಾಯ, ನಾನ್ ಮೊದ್ಲು ಹೋಗ್ತೀನಿ. ಹನ್ನೊಂದ್ರೊಳಗೆ ಮುಗ್ಸಿ ಬಂದ್ಬಿಡ್ತೀನಿ."

"ಚಳಿಗೂ ಗಡಿಯಾರ ಕಟ್ಟಿದೀಯಾ? ಹೆದ್ರಿಕೆ ಕಣೋ ಅದು. ಧೈರ್ಯವಾಗಿರು, ಬರಲ್ಲ."

ನಾನೇ ಮೊದಲು ಒಳಗೆ ಹೋದೆ. ಎಸ್ಟೇಟಿನ ಧಣಿಗಳಿಗೆ ಮಾತೆಂದರೆ ಇಷ್ಟ. ಬಾಬಾಬುಡನ್‌ಗಿರಿಯ ಕಾಫಿಯಿಂದ ಹಿಡಿದು ಯುದ್ಧದವರೆಗೂ ಹರಟಿದೆವು. ಗೋಡೆಯ ಗಡಿಯಾರದಲ್ಲಿ ಹತ್ತೂಮುಕ್ಕಾಲು ಆದದ್ದನ್ನು ಕಂಡೆ; ಕಂಡ ಮೇಲೆ ಇನ್ನೊಂದು ಪ್ರಶ್ನೆಯನ್ನು ನಾನೇ ಎತ್ತಿದೆ.

ಅವನು ಒಳಗೆ ಕಾಲಿಡುವಾಗ ಹನ್ನೊಂದು ದಾಟಿತ್ತು. ತೆರೆದ ಬಾಗಿಲಲ್ಲಿ ನಿಂತು ನೋಡಿದೆ. ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಬರೆಯಲು ಕೊಟ್ಟ ಕಾಗದದ ತುಂಬ ಮಸಿ ಚೆಲ್ಲಿದ.

"ಏನ್ರೀ, ನನ್ನ ಮುಂದೇನೇ ಹೀಗ್ ನಡುಗಿದ್ರೆ ಆಳುಗಳ ಮುಂದೆ ಹ್ಯಾಗ್ ನಿಂತ್ಕೋತೀರಿ?" ಧಣಿಗಳು ನಕ್ಕು ನನ್ನತ್ತ ತಿರುಗಿದರು. "ಇವ್ರು ಯಾವಾಗ್ಲೂ ಹೀಗೇನಾ?"

ಜ್ವರ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಸ್ವಲ್ಪ ಪುಕ್ಕಲು" ಎಂದೆ.

ಕೆಲಸ ನನಗಾಯಿತು. ಹಿಂತಿರುಗುವಾಗ ಅವನು ಕಂಬಳಿಯೊಳಗಿನಿಂದಲೇ ಅಂದ: "ನೀನ್ ಹೇಳಿದ್ದೇ ಸರಿ ಕಣೋ. ನಂಗೆ ಧೈರ್ಯ ಸಾಲ್ದು."

ಆಮೇಲೆ ಬಿ.ಎ. ಪಾಸಾದರೂ ಅವನು ಎಲ್ಲಿಯೂ ಕೆಲಸ ಕೇಳಲು ಹೋಗಲಿಲ್ಲ. ಈಗ ಅಪ್ಪನ ಜೊತೆ ಬುಟ್ಟಿ ಹೊರುತ್ತಾನೆ.

ನನ್ನ ಪರವಾಗಿ ಬೇಕಾದಷ್ಟು ವಾದ ಹೂಡಬಲ್ಲೆ. ಧಣಿಗಳು ಅವನನ್ನೇ ವಿಚಾರಿಸಬಹುದಿತ್ತು, ಅವನೇ ಬಾಯಿಬಿಟ್ಟು ಹೇಳಬಹುದಿತ್ತು, ಕಾಯಿಲೆ ಅಂಜಿಕೆಯೇ ಎಂದು ನಾನು ನಿಜಕ್ಕೂ ನಂಬಿದ್ದೆ. ಕೊನೆಯದರ ಹತ್ತಿರ ಬಂದಾಗ ಪ್ರತಿಸಲವೂ ಒಂದು ಪ್ರಶ್ನೆ ಅಡ್ಡ ಬರುತ್ತದೆ. ಹಾಗೆ ನಂಬಿದ್ದವನು ಗಡಿಯಾರ ಯಾಕೆ ನೋಡುತ್ತಿದ್ದೆ?