ಸುಂಕವಿಲ್ಲದೆ ಬಂದ ಸೌರಫಲಕಗಳು

ದುಬೈನ ದೇರಾದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿಗೆ ಕಿಟಕಿ ಇರಲಿಲ್ಲ. ಧಾರವಾಡದಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ, ಎಸಿ ರಿಪೇರಿ ಮಾಡುವ ಗಂಡನ ಹಿಂದೆ ಬಂದವಳಿಗೆ ಸಿಕ್ಕ ಮೊದಲ ಕೆಲಸ ಅದು. ಕಂಪನಿ ಸೌರಫಲಕಗಳನ್ನು ತರಿಸುತ್ತಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಅವನ್ನು ಕೇಳುವವರು ಕಡಿಮೆ. ಮರಳುಗಾಡಿನ ತೋಟದ ಪಂಪಿಗೆ, ಟೆಲಿಫೋನ್ ಟವರಿಗೆ, ಕರೆಂಟಿನ ತಂತಿ ತಲುಪದ ಕಡೆಯ ರಸ್ತೆ ದೀಪಕ್ಕೆ ಬೇಕಾಗುತ್ತಿದ್ದವು. ಬಂದ ಸರಕಿನ ಪಟ್ಟಿ, ಬೆಲೆಪಟ್ಟಿ, ಕಸ್ಟಮ್ಸ್‌ಗೆ ಕೊಡುವ ಘೋಷಣಾ ಪತ್ರ, ಇವನ್ನೆಲ್ಲ ಟೈಪು ಮಾಡುವುದು ನನ್ನ ಪಾಲಿಗೆ ಬಂತು.

ಆ ಪತ್ರಗಳಿಗೆ ಸಹಿ ಹಾಕಿ ಬಂದರಿಗೆ ಒಯ್ದು ಸರಕು ಬಿಡಿಸಿಕೊಂಡು ಬರುತ್ತಿದ್ದವರು ಉಡುಪಿ ಕಡೆಯ ಒಬ್ಬ ಬ್ಯಾರಿ ಹಿರಿಯರು. ಬಂದರಿನಲ್ಲಿ ಎಲ್ಲರೂ ಅವರನ್ನು ಕಾಕ ಅನ್ನುತ್ತಿದ್ದರು. ನಮ್ಮ ಕಡೆ ಕಾಕಾ ಅಂದರೆ ಅಪ್ಪನ ತಮ್ಮ. ಹಾಗಾಗಿ ಆ ಹೆಸರು ನನ್ನ ಬಾಯಿಗೆ ಸಲೀಸಾಗಿ ಬಂತು. ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡಿದವರು. ಯಾವ ವಸ್ತುವಿಗೆ ಕಸ್ಟಮ್ಸ್‌ನ ಯಾವ ಸಂಖ್ಯೆ, ಯಾವ ದೇಶದ ಮಾಲಿಗೆ ಯಾವ ಪ್ರಮಾಣಪತ್ರ ಬೇಕು ಎಂಬುದನ್ನೆಲ್ಲ ಅವರೇ ನನಗೆ ಕಲಿಸಿದ್ದು. ಫಲಕ ಎಂದಷ್ಟೇ ಬರೆದರೆ ಸಾಲದು, ಜೊತೆಗೆ ಬ್ಯಾಟರಿ ಬಂದಿದೆಯೋ, ದೀಪ ಬಂದಿದೆಯೋ ಅದನ್ನೂ ಬರೆಯಬೇಕು ಎನ್ನುತ್ತಿದ್ದರು. ಒಮ್ಮೆ ನಾನು ಪೆಟ್ಟಿಗೆ ತೆರೆಯುವ ಮೊದಲೇ ಪಟ್ಟಿ ಮಾಡಿಟ್ಟಿದ್ದಕ್ಕೆ ಅದನ್ನು ಹರಿದು ಕಸದ ಬುಟ್ಟಿಗೆ ಹಾಕಿ, ಏನೂ ಆಗದವರಂತೆ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತ ಕೂತಿದ್ದರು.

ಆಗ ಹೊರಗಿನಿಂದ ಬರುವ ಸರಕಿಗೆ ನೂರಕ್ಕೆ ನಾಲ್ಕರಷ್ಟು ಸುಂಕ. ಸರ್ಕಾರದ ಕಾಮಗಾರಿಗೆಂದು ಬಂದ ಸರಕಿಗೆ ಮಾತ್ರ, ವಿನಾಯಿತಿ ಪತ್ರ ತೋರಿಸಿದರೆ, ಅದೂ ಇಲ್ಲ. ಆದರೆ ಆ ಸರಕು ಆ ಕಾಮಗಾರಿಗೇ ಹೋಗಬೇಕು. ಒಂದು ಫಲಕವನ್ನು ಬೇರೆಯವರಿಗೆ ಮಾರಿದರೂ ತಪ್ಪು.

ಅಬುಧಾಬಿಯ ಮರಳುಗಾಡಿನಲ್ಲಿ ಒಂದು ರಸ್ತೆಗೆ ದೀಪ ಹಾಕುವ ಕಾಮಗಾರಿಯಲ್ಲಿ ಫಲಕ ಒದಗಿಸುವ ಕೆಲಸ ನಮ್ಮ ಮಾಲೀಕರಿಗೆ ಸಿಕ್ಕಿತು. ವಿನಾಯಿತಿ ಪತ್ರವೂ ಬಂತು. ಮಾಲೀಕರು ಕಾಮಗಾರಿಗೆ ಬೇಕಾದ್ದಕ್ಕಿಂತ ಹೆಚ್ಚೂ ಕಡಿಮೆ ಎರಡರಷ್ಟು ಫಲಕ ತರಿಸಿದರು. ಒಂದು ಬೆಳಿಗ್ಗೆ ನನ್ನ ಮೇಜಿನ ಬಳಿ ನಿಂತು, ಎಲ್ಲವನ್ನೂ ಕಾಮಗಾರಿಯ ಹೆಸರಿಗೇ ಬರೆದುಬಿಡು ಎಂದು ಹಿಂದಿಯಲ್ಲಿ ಹೇಳಿದರು. ಅವರ ದನಿ ಏರಲಿಲ್ಲ, ಬೆದರಿಸಲೂ ಇಲ್ಲ. ಆ ತಿಂಗಳು ನನ್ನ ವೀಸಾ ನವೀಕರಣದ ಕಾಗದ ಅವರ ಡ್ರಾಯರಿನಲ್ಲಿತ್ತು. ಅದರ ಮಾತನ್ನು ಅವರು ಎತ್ತಲಿಲ್ಲ. ನಾನೇ ನೆನಪಿಸಿಕೊಂಡೆ.

ನಾನು ಟೈಪು ಮಾಡಿದೆ. ಮಧ್ಯಾಹ್ನ ಕಾಕಾ ಬಂದು ಹಾಳೆ ತಿರುವಿ ನೋಡಿದರು.

"ಇದು ಇಷ್ಟೂ ಆ ರಸ್ತೆದ್ದೇ ಅಲ್ವಾ?"

"ಹೌದ್ರಿ ಕಾಕಾ," ಅಂದೆ.

ಅವರು ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು. ಮೂರು ದಿನದಲ್ಲಿ ಸರಕು ಬಂದರಿನಿಂದ ಹೊರಬಂತು. ಅರ್ಧ ಅಬುಧಾಬಿಗೆ ಹೋಯಿತು. ಉಳಿದರ್ಧ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ನಮ್ಮ ಗೋದಾಮಿನಲ್ಲಿ ನಿಂತಿತು. ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ತೋಟಗಳವರಿಗೆ ಮಾರಾಟವಾಯಿತು.

ಐದಾರು ತಿಂಗಳ ಮೇಲೆ ಕಸ್ಟಮ್ಸ್‌ನ ಇಬ್ಬರು ಅಧಿಕಾರಿಗಳು ಗೋದಾಮಿಗೆ ಬಂದರು. ಅಷ್ಟರಲ್ಲಾಗಲೇ ರಸ್ತೆಗೆ ಹೋಗಿ ಕಂಬಗಳನ್ನು ಎಣಿಸಿಕೊಂಡು ಬಂದಿದ್ದರು. ನನ್ನನ್ನು ಕಡತ ಸಮೇತ ಗೋದಾಮಿಗೆ ಕರೆಸಿದರು. ಉಳಿದ ಪೆಟ್ಟಿಗೆಗಳ ಮೇಲಿನ ಸಂಖ್ಯೆಗಳನ್ನು ನನ್ನ ಪಟ್ಟಿಯೊಡನೆ ಹೋಲಿಸುತ್ತ ಹೋದರು. ಹುಡುಕಲು ಸುಲಭವಾಗಿತ್ತು. ನನ್ನ ಪಟ್ಟಿ ಅಷ್ಟು ಅಚ್ಚುಕಟ್ಟಾಗಿತ್ತು. ಕೂತಲ್ಲಿಯೇ ಜೋಮು ಹಿಡಿದ ಕಾಲನ್ನು ಮುಟ್ಟಿದರೆ ಬೇರೆ ಯಾರದೋ ಕಾಲಿನಂತೆ ಅನಿಸುತ್ತದಲ್ಲ, ನನಗೆ ನನ್ನ ಮೈಯೇ ಹಾಗೆ ಅನಿಸಿತು.

ಮಾಲೀಕರು ತಮಗೆ ಕಾಗದಪತ್ರದ ವಿಷಯ ತಿಳಿಯದು, ಅದೆಲ್ಲ ಸರಕು ಬಿಡಿಸಿಕೊಂಡು ಬರುವವರ ಕೆಲಸ ಎಂದರು. ಅಧಿಕಾರಿಗಳು ಕಾಕಾನನ್ನು ಕರೆಸಿದರು. ಈ ಲೆಕ್ಕ ಯಾರು ಕೊಟ್ಟರು ಎಂದು ಅಧಿಕಾರಿ ಕೇಳಿದಾಗ, ಕಾಕಾ ತಮಗೆ ಬರುವಷ್ಟು ಅರಬ್ಬಿಯಲ್ಲಿ, ಸಹಿ ತಮ್ಮದು ಎಂದಷ್ಟೇ ಹೇಳಿದರು. ನನ್ನತ್ತ ನೋಡಲಿಲ್ಲ. ನಾನು ಎರಡು ಹೆಜ್ಜೆ ದೂರದಲ್ಲಿ ಕಡತ ಹಿಡಿದು ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಂಪನಿ ಸುಂಕವನ್ನೂ ದಂಡವನ್ನೂ ಕಟ್ಟಿ ಮುಂದಿನ ಸರಕು ತರಿಸಿತು. ಬಂದರಿನೊಳಗೆ ಹೋಗಲು ಕಾಕಾನಿಗಿದ್ದ ಕಾರ್ಡು ರದ್ದಾಯಿತು. ಅವರ ಹೆಸರು ತಡೆಪಟ್ಟಿ ಸೇರಿತು. ಕಾರ್ಡಿಲ್ಲದವರಿಂದ ಕಂಪನಿಗೆ ಉಪಯೋಗವಿಲ್ಲವೆಂದು ಮಾಲೀಕರು ಅವರ ವೀಸಾ ರದ್ದು ಮಾಡಿಸಿದರು. ಅವರ ಕುರ್ಚಿಗೆ ಮಲಯಾಳಿಯೊಬ್ಬರು ಬಂದರು. ನಾನು ದಿನವೂ ಎಂಟೂವರೆಗೆ ಹೋಗಿ, ಟೈಪು ಮಾಡಿ, ಡಬ್ಬಿಯ ಚಪಾತಿ ತಿಂದು, ಐದೂವರೆಗೆ ವ್ಯಾನು ಹತ್ತುತ್ತಿದ್ದೆ. ಗಂಡ ಏನಾಯಿತು ಎಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದೂ ಅನಿಸುತ್ತಿರಲಿಲ್ಲ.

ಕಾಕಾ ಊರಿಗೆ ಹೊರಡುವ ವಾರ, ಒಂದು ಶುಕ್ರವಾರ ಸಂಜೆ, ಗಂಡನೊಡನೆ ಅವರ ಕೋಣೆಗೆ ಹೋದೆ. ಆರು ಮಂಚದ ಕೋಣೆ. ಅವರು ಕಂಬಳಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಗಂಡನಿಗೆ ಹಗ್ಗ ಹಿಡಿಯಲು ಹೇಳಿದರು. ಮಾತು ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ನೇರವಾಗಿ ಹೇಳಿಬಿಟ್ಟೆ.

"ಕಾಕಾ, ಆವತ್ತ ನಾ ಸುಳ್ಳ ಹೇಳಿದ್ದೆ. ಅರ್ಧಾ ಮಾಲು ಆ ರಸ್ತೇದ್ದ ಆಗಿರಲಿಲ್ಲ."

ಗಂಡ ಹಗ್ಗ ಹಿಡಿದ ಕೈ ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದರು. ಅವರಿಗೆ ಇದು ತಿಳಿದದ್ದು ಅದೇ ಮೊದಲು.

ಕಾಕಾ ಗಂಟು ಬಿಗಿದು ಮುಗಿಸಿದರು. "ನಂಗೆ ಗೊತ್ತುಂಟು. ಒಂದು ರಸ್ತೆಗೆ ಅಷ್ಟು ಫಲಕ ಎಂತಕ್ಕೆ? ಇಪ್ಪತ್ತು ವರ್ಷ ಇದೇ ಮಾಡಿದವ ನಾನು. ಕೇಳಬೇಕಲ್ಲ ಅಂತ ಕೇಳಿದ್ದು. ನೀನು ಇಲ್ಲ ಅಂದಿದ್ರೆ ನಾನು ಸಹಿ ಹಾಕದೆ ಧಣಿ ಹತ್ರ ಜಗಳ ಮಾಡಬೇಕಿತ್ತು. ನಂಗೂ ಅದು ಬೇಡ ಇತ್ತು."

ಪೆಟ್ಟಿಗೆಯನ್ನು ಗೋಡೆಗೆ ಸರಿಸಿ, "ಈಗ ಖಲಾಸ್. ಚಾ ಕುಡಿದು ಹೋಗಿ," ಅಂದರು.

ಕುಡಿದು ಬಂದೆವು. ಅವರು ಬೈದಿದ್ದರೆ ಅಥವಾ ಕ್ಷಮಿಸಿದ್ದರೆ ನಾನು ಅತ್ತುಬಿಡುತ್ತಿದ್ದೆನೋ ಏನೋ. ಅವರು ಎರಡನ್ನೂ ಮಾಡಲಿಲ್ಲ. ಬಸ್ಸಿನಲ್ಲಿ ಗಂಡ ಒಂದೇ ಮಾತು ಕೇಳಿದರು: "ಕಸ್ಟಮ್ಸ್‌ನವರಿಗೆ ಹೇಳತಿಯೇನು?" ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಬಹುಶಃ ವೀಸಾವೂ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೇಳುತ್ತೇನೆ ಅಂದೆ. ಧೈರ್ಯವೇನೂ ಬಂದಿರಲಿಲ್ಲ. ಹೆದರಿಕೆಯೂ ಇರಲಿಲ್ಲ, ಅಷ್ಟೇ.

ಮರುದಿನ ರಜೆ ಹಾಕಿ ಬಂದರಿನ ಕಚೇರಿಗೆ ಹೋದೆ. ಗೋದಾಮಿಗೆ ಬಂದಿದ್ದವರಲ್ಲಿ ಕಿರಿಯ ಅಧಿಕಾರಿಯೇ ಸಿಕ್ಕರು. ಕೂರಿಸಿ ನೀರು ಕೊಟ್ಟು, ನಾನು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಸಿಕೊಂಡರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಯಾರೂ ಕೇಳಲಿಲ್ಲ ಅಂದೆ. ಅವರು ಅದನ್ನೂ ಬರೆಯಿರಿ ಎಂದು ಹೇಳಿ ಹಾಳೆಯನ್ನು ನನ್ನ ಕಡೆ ತಳ್ಳಿದರು. ಬರೆದು ಸಹಿ ಮಾಡಿದೆ.

ಅದರಿಂದ ಆದದ್ದಿಷ್ಟು. ಮಾಲೀಕರನ್ನು ಮತ್ತೆ ಕರೆಸಿ ಕಂಪನಿಯ ಆಮದು ಪರವಾನಗಿಯನ್ನು ಕೆಲವು ತಿಂಗಳು ತಡೆಹಿಡಿದರು. ಕಾಕಾನ ಹೆಸರು ತಡೆಪಟ್ಟಿಯಿಂದ ಹೋಯಿತು. ಆದರೆ ಅಷ್ಟರಲ್ಲಿ ಅವರು ಊರು ಸೇರಿ ಎರಡು ತಿಂಗಳಾಗಿತ್ತು. ತಿರುಗಿ ಬನ್ನಿ ಎಂದು ಫೋನು ಮಾಡಿದೆ. ವಯಸ್ಸಾಯಿತು, ಸಾಕು ಅಂದರು. ನನ್ನನ್ನು ಮಾಲೀಕರು, ತಮ್ಮನ್ನು ಕರೆಸಿದ ವಾರವೇ, ಕೆಲಸದಿಂದ ತೆಗೆದಿದ್ದರು. ಗಂಡನ ವೀಸಾದ ಮೇಲೆ ಸುಮಾರು ಒಂದು ವರ್ಷ ಮನೆಯಲ್ಲಿದ್ದೆ. ಮಗಳು ಹುಟ್ಟಿದ್ದು ಆಗ.

ಆಮೇಲೆ ಅಬುಧಾಬಿಯ ಒಂದು ಕಂಪನಿಯಲ್ಲಿ ಅದೇ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರು. ಆದದ್ದನ್ನೆಲ್ಲ ಹೇಳಿದೆ. ಸಂದರ್ಶನ ಮಾಡಿದಾಕೆ ಸೋಮವಾರದಿಂದ ಬನ್ನಿ ಅಂದರು. ಅಲ್ಲಿ ಏಳು ವರ್ಷ ಇದ್ದೆ.

ಗಲ್ಫ್ ದೇಶಗಳೆಲ್ಲ ಕೂಡಿ ಒಂದೇ ಸುಂಕ ಮಾಡಿಕೊಂಡ ವರ್ಷ ಈದ್ ಶುಭಾಶಯ ಹೇಳಲು ಕಾಕಾನಿಗೆ ಫೋನು ಮಾಡಿದ್ದೆ. ಮಕ್ಕಳ ಮಾತು, ಮೀನಿನ ರೇಟು ಎಲ್ಲ ಆದ ಮೇಲೆ, ಈಗ ಸುಂಕ ಎಷ್ಟು ಹಾಕ್ತಾರೆ ಎಂದು ಕೇಳಿದರು. ನಾಲ್ಕಿದ್ದದ್ದು ಐದಾಗಿದೆ ಅಂದೆ.

"ಫಲಕಕ್ಕೂ?"

"ಅದಕ್ಕೂ ಐದ ರೀ."

ಹೌದಾ ಅಂದರು. ಮೊಮ್ಮಗಳು ಫೋನು ಕೇಳುತ್ತಿದ್ದಾಳೆಂದು ಅವಳ ಕೈಗೆ ಕೊಟ್ಟರು.